ಎಡ್ಲಿಂಜಮ್ ಪಾದ್ರಿ ಮನೆಯ ಕನ್ನ: 1879ರ ಒಂದು ತನಿಖೆಯನ್ನು ಓದುವ ಬಗೆ

ಇಂಗ್ಲೆಂಡಿನ ತೀರಾ ಉತ್ತರಕ್ಕೆ, ಸ್ಕಾಟ್ಲೆಂಡಿನ ಗಡಿಗೆ ತಾಗಿಕೊಂಡು ನಾರ್ಥಂಬರ್ಲೆಂಡ್ ಎಂಬ ಕೌಂಟಿ ಇದೆ. ಅಲ್ಲಿ ಎಡ್ಲಿಂಜಮ್ ಎಂಬ ಪುಟ್ಟ ಹಳ್ಳಿ. ಒಂದು ಹಳೆಯ ಚರ್ಚು, ಪಾಳುಬಿದ್ದ ಕೋಟೆ, ಸುತ್ತ ಕುರಿ ಮೇಯುವ ಗುಡ್ಡಗಳು, ಅಷ್ಟೇ. ಹತ್ತಿರದ ಪೇಟೆ ಆನಿಕ್, ಸುಮಾರು 6 ಮೈಲಿ ದೂರ. ಪುಸ್ತಕಗಳಲ್ಲಿ ಹುಡುಕುವವರಿಗೆ ಒಂದು ಸೂಚನೆ: ಅಕ್ಷರ ನೋಡಿದರೆ ಎಡ್ಲಿಂಗ್‌ಹ್ಯಾಮ್, ಆಲ್ನ್‌ವಿಕ್ ಅಂತ ಕಾಣುತ್ತವೆ. ಊರವರು ಹೇಳುವುದು ನಾನು ಬರೆದ ಹಾಗೆ.

1879ರ ಫೆಬ್ರವರಿ ಮೊದಲ ವಾರದ ಒಂದು ರಾತ್ರಿ ಈ ಹಳ್ಳಿಯ ಪಾದ್ರಿ ಮನೆಗೆ ಇಬ್ಬರು ಕಳ್ಳರು ಕನ್ನ ಹಾಕಿದರು. ಪಾದ್ರಿಯ ಹೆಸರು ಮ್ಯಾಥ್ಯೂ ಬಕಲ್, ವಯಸ್ಸು 77. ಸದ್ದಿಗೆ ಅವರೂ ಮಗಳು ಜಾರ್ಜಿನಾ ಕೂಡ ಎಚ್ಚರಾದರು. ಮುದುಕರು ಕೋಣೆಯಲ್ಲಿ ಅಡಗಿ ಕೂರಲಿಲ್ಲ. ಮೇಣದಬತ್ತಿ ಹಚ್ಚಿಕೊಂಡು, ಕತ್ತಿ ಹಿಡಿದುಕೊಂಡು ಕಳ್ಳರ ಎದುರಿಗೇ ಹೋದರು. ಮಗಳೂ ಹಿಂದೆಯೇ ಹೋದಳು. ಕಳ್ಳರ ಕೈಲಿದ್ದ ಬಂದೂಕು ಸಿಡಿಯಿತು. ಅಪ್ಪ ಮಗಳು ಇಬ್ಬರಿಗೂ ಗಾಯವಾಯಿತು. ಪುಣ್ಯಕ್ಕೆ ಇಬ್ಬರೂ ಬದುಕಿದರು. ಕಳ್ಳರು ಒಂದು ಚಿನ್ನದ ಗಡಿಯಾರ ಎತ್ತಿಕೊಂಡು ಕತ್ತಲಲ್ಲಿ ಮಾಯವಾದರು.

ಎರಡು ತಿಂಗಳಲ್ಲಿ ಕೇಸು ಮುಗಿಯಿತು. ಮೈಕಲ್ ಬ್ರಾನಗನ್, ಪೀಟರ್ ಮರ್ಫಿ ಎಂಬ ಇಬ್ಬರು ಬಡ ಕೂಲಿಗಳಿಗೆ ಜೀವಾವಧಿ ಶಿಕ್ಷೆಯಾಯಿತು. ಇಬ್ಬರೂ ನಿರಪರಾಧಿಗಳು. ಅದು ಹೊರಬರಲು ಹತ್ತಿರ ಹತ್ತಿರ ಹತ್ತು ವರ್ಷ ಬೇಕಾಯಿತು.

ವಿಕ್ಟೋರಿಯಾ ಕಾಲದ ಹಳ್ಳಿಗಳ ಪೊಲೀಸ್ ತನಿಖೆ ಹೇಗಿತ್ತು ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಪ್ರಕರಣ ನನಗೆ ಗೊತ್ತಿಲ್ಲ. ಸಾಮಾನ್ಯವಾಗಿ ನಾವು ಏನಂದುಕೊಳ್ಳುತ್ತೇವೆ? ಸಾಕ್ಷ್ಯ ಕಡಿಮೆ ಇದ್ದಾಗ ತಪ್ಪು ತೀರ್ಪು ಬರುತ್ತದೆ ಅಂತ. ಇಲ್ಲಿ ಸಾಕ್ಷ್ಯ ಕಡಿಮೆ ಇರಲಿಲ್ಲ, ಜಾಸ್ತಿಯೇ ಇತ್ತು. ಕಾಗದದ ಚೂರು, ಬಟ್ಟೆಯ ಚೂರು, ಉಳಿ, ಹೆಜ್ಜೆ ಗುರುತು ಎಲ್ಲವೂ ಒಂದೇ ಕಡೆ ಬೆರಳು ತೋರಿದವು, ಅದೂ ತಪ್ಪು ಕಡೆ. ಈ ಟಿಪ್ಪಣಿ ಓದುವಾಗ ಪ್ರತಿ ವಸ್ತುವಿಗೂ ಮೂರು ಪ್ರಶ್ನೆ ಹಾಕುತ್ತಾ ಹೋಗಿ. ಯಾರಿಗೆ ಸಿಕ್ಕಿತು? ಯಾವಾಗ ಸಿಕ್ಕಿತು? ಅಲ್ಲಿಯವರೆಗೆ ಯಾರ ಕೈಯಲ್ಲಿತ್ತು?

ಮೊದಲು ಕಾನೂನು

ಆಗ ಜಾರಿಯಲ್ಲಿದ್ದದ್ದು 1861ರ ಲಾರ್ಸೆನಿ ಕಾಯ್ದೆ. ರಾತ್ರಿ ಹೊತ್ತು ವಾಸದ ಮನೆಯನ್ನು ಒಡೆದು, ದೊಡ್ಡ ಅಪರಾಧ ಮಾಡುವ ಉದ್ದೇಶದಿಂದ ಒಳಗೆ ಹೋದರೆ ಅದು ಬರ್ಗ್ಲರಿ. ಇದೇ ಕೆಲಸ ಹಗಲಲ್ಲಿ ನಡೆದರೆ ಹೌಸ್‌ಬ್ರೇಕಿಂಗ್ ಎಂಬ ಬೇರೆ, ಸ್ವಲ್ಪ ಹಗುರವಾದ ಅಪರಾಧ. ರಾತ್ರಿ ಅಂದರೆ ಎಷ್ಟು ಹೊತ್ತು? ಕಾಯ್ದೆ ಗಡಿಯಾರ ಹಿಡಿದು ಹೇಳುತ್ತದೆ: ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ. ಚಳಿಗಾಲದಲ್ಲಿ ಆ ಕಡೆ ಸಂಜೆ 5ಕ್ಕೇ ಕತ್ತಲಾದರೂ ಕಾನೂನಿನ ಕಣ್ಣಿಗೆ ಅದು ಹಗಲು.

ನಮ್ಮಲ್ಲಿ ಐಪಿಸಿ ಓದಿದವರಿಗೆ ಇಲ್ಲಿ ಒಂದು ವ್ಯತ್ಯಾಸ ಕಾಣುತ್ತದೆ. 446ನೇ ಕಲಂ ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಎಂದು ಹೇಳುತ್ತಿತ್ತು. ಈಗ ಈ ವಿಷಯ ಭಾರತೀಯ ನ್ಯಾಯ ಸಂಹಿತೆಯ 330, 331ನೇ ಕಲಂಗಳಲ್ಲಿದೆ. ಇಂಗ್ಲೆಂಡಿನವರು ಗಂಟೆಯನ್ನು ಹಿಡಿದರು, ನಮಗೆ ಬರೆದುಕೊಟ್ಟ ಕಾನೂನಿನಲ್ಲಿ ಸೂರ್ಯನನ್ನು ಹಿಡಿದರು. ಪರೀಕ್ಷೆಯಲ್ಲಿ ಇವೆರಡನ್ನು ಬೆರೆಸಬೇಡಿ.

'ಒಡೆಯುವುದು' ಎಂದರೆ ಗೋಡೆ ಕೊರೆಯಲೇಬೇಕು ಅಂತೇನಿಲ್ಲ. ಮುಚ್ಚಿದ ಕಿಟಕಿಯ ಚಿಲಕ ಎತ್ತಿದರೂ ಸಾಕು. ಪೂರ್ತಿ ತೆರೆದಿಟ್ಟ ಕಿಟಕಿಯಿಂದ ಹೋದರೆ ಒಡೆದಂತಲ್ಲ. ಹೊಗೆಗೂಡಿನಿಂದ ಇಳಿದರೆ ಮಾತ್ರ ಒಡೆದಂತೆ. ಯಾಕೆಂದರೆ ಅದು ಎಷ್ಟು ಮುಚ್ಚಲು ಸಾಧ್ಯವೋ ಅಷ್ಟು ಮುಚ್ಚಿಯೇ ಇರುವ ದಾರಿ ಅಂತ ಹಳೆಯ ನ್ಯಾಯಾಧೀಶರ ಲೆಕ್ಕ.

ಶಿಕ್ಷೆಯ ವಿಷಯ ಸ್ವಲ್ಪ ನಿಧಾನಕ್ಕೆ ಓದಿ. 1837ರವರೆಗೆ ಬರ್ಗ್ಲರಿ ಎಂದರೆ ನೇಣು. 1837ರ ಕಾಯ್ದೆ ನೇಣನ್ನು ಒಂದು ಬಗೆಗೆ ಮಾತ್ರ ಉಳಿಸಿಕೊಂಡಿತು: ಕನ್ನ ಹಾಕಿದವನು ಮನೆಯವರಿಗೆ ಗಾಯ ಮಾಡಿದ್ದರೆ, ಹೊಡೆದಿದ್ದರೆ. 1861ರಲ್ಲಿ ಅದೂ ಹೋಯಿತು. ಜೀವಾವಧಿವರೆಗಿನ ಕಠಿಣ ಸೆರೆವಾಸ ಬಂತು. ಈಗ ಎಡ್ಲಿಂಜಮ್ ನೆನೆಸಿಕೊಳ್ಳಿ. ಕನ್ನ ಹಾಕಿದ್ದಾರೆ, ಬಂದೂಕು ಹಾರಿಸಿ ಇಬ್ಬರಿಗೆ ಗಾಯ ಮಾಡಿದ್ದಾರೆ. ಈ ಘಟನೆ ಇಪ್ಪತ್ತು ವರ್ಷ ಮೊದಲು ನಡೆದಿದ್ದರೆ ಬ್ರಾನಗನ್, ಮರ್ಫಿಗೆ ಕಾನೂನಿನ ಪ್ರಕಾರ ನೇಣಿನ ಶಿಕ್ಷೆ ಆಗಬಹುದಿತ್ತು. ಅದು ಜಾರಿಯಾಗಿದ್ದರೆ, ಮುಂದೆ ಸತ್ಯ ಹೊರಬಂದರೂ ಬಿಡಿಸಿಕೊಳ್ಳಲು ಯಾರೂ ಇರುತ್ತಿರಲಿಲ್ಲ.

ಹಳ್ಳಿಯ ಪೊಲೀಸ್ ಯಾರು?

1839ರ ಕಾಯ್ದೆ ಕೌಂಟಿಗಳಿಗೆ ಪೊಲೀಸ್ ಪಡೆ ಕಟ್ಟಲು ಅವಕಾಶ ಕೊಟ್ಟಿತು, ಒತ್ತಾಯ ಮಾಡಲಿಲ್ಲ. ಬಹಳ ಕಡೆ ಜಮೀನ್ದಾರರು ತೆರಿಗೆ ಏರುತ್ತದೆ ಅಂತ ಸುಮ್ಮನಿದ್ದರು. 1856ರ ಕಾಯ್ದೆ ಕಡ್ಡಾಯ ಮಾಡಿತು. ನಾರ್ಥಂಬರ್ಲೆಂಡಿಗೆ ತನ್ನದೇ ಪಡೆ ಬಂದದ್ದು 1857ರಲ್ಲಿ. ಅಂದರೆ ನಮ್ಮ ಪ್ರಕರಣದ ಹೊತ್ತಿಗೆ ಆ ಪಡೆಗೆ ಬರೀ 22 ವರ್ಷ.

ಪೇದೆಗಳು ನಡೆದೇ ಗಸ್ತು ತಿರುಗುತ್ತಿದ್ದರು. ಲಂಡನ್ನಿನಲ್ಲಿ ಪತ್ತೇದಾರಿಗೆ ಅಂತಲೇ ಬೇರೆ ವಿಭಾಗವಿತ್ತು. ಇಂಥ ಹಳ್ಳಿಗಾಡಿನಲ್ಲಿ ಆನಿಕ್‌ನ ಸೂಪರಿಂಟೆಂಡೆಂಟ್ ಹಾರ್ಕ್ಸ್ ಅವರೇ ಎಲ್ಲ. ಶಂಕಿತರನ್ನು ಹಿಡಿಯುವುದು, ವಸ್ತುಗಳನ್ನು ಒಟ್ಟು ಮಾಡಿಟ್ಟುಕೊಳ್ಳುವುದು, ಕೇಸು ಕಟ್ಟುವುದು ಎಲ್ಲ ಒಂದೇ ಠಾಣೆಯ ಕೆಲಸ. ಸರ್ಕಾರಿ ಅಭಿಯೋಜಕರ ಹುದ್ದೆ ಆಗಿನ್ನೂ ಇರಲಿಲ್ಲ. ಅದಕ್ಕೆ ಕಾಯ್ದೆ ಬಂದದ್ದು ಇದೇ 1879ರಲ್ಲಿ, ಕೆಲಸ ಶುರುವಾದದ್ದು 1880ರಲ್ಲಿ. ಹಾಗಾಗಿ ಪೊಲೀಸರು ಕಟ್ಟಿದ ಕೇಸನ್ನು ಕೋರ್ಟಿಗೆ ಹೋಗುವ ಮೊದಲು ಅಂಥ ಸರ್ಕಾರಿ ಅಭಿಯೋಜಕರು ನೋಡುವ ಏರ್ಪಾಡು ಇರಲಿಲ್ಲ.

ಬೆರಳಚ್ಚು ಇತ್ತಾ ಅಂತ ಕೇಳುವವರಿಗೆ: ಇರಲಿಲ್ಲ. ಇಂಗ್ಲೆಂಡಿನಲ್ಲಿ ಬೆರಳಚ್ಚಿನ ಆಧಾರದ ಮೇಲೆ ಕನ್ನಗಳ್ಳನಿಗೆ ಶಿಕ್ಷೆಯಾದದ್ದು 1902ರಲ್ಲಿ. ಲಂಡನ್ನಿನ ಒಂದು ಮನೆಯಿಂದ ಬಿಲಿಯರ್ಡ್ಸ್ ಚೆಂಡು ಕದ್ದವನ ಕೇಸು ಅದು. ಆ ಪದ್ಧತಿಯನ್ನು ಲಂಡನ್ನಿಗೆ ಒಯ್ದ ಎಡ್ವರ್ಡ್ ಹೆನ್ರಿ ಅದಕ್ಕೆ ಮೊದಲು ಬಂಗಾಳದ ಪೊಲೀಸ್ ಮುಖ್ಯಸ್ಥರಾಗಿದ್ದರು. ಅದರ ವರ್ಗೀಕರಣದ ಕಷ್ಟದ ಕೆಲಸ ಮಾಡಿದವರಲ್ಲಿ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಮುಖ್ಯರು. ಈ ಹೆಸರುಗಳನ್ನು ನಾವು ಮರೆಯಬಾರದು.

ಕಳ್ಳಬೇಟೆಗಾರರ ಮೇಲೆಯೇ ಕಣ್ಣು ಯಾಕೆ?

ಕನ್ನ ಬಿದ್ದ ಸುದ್ದಿ ಆನಿಕ್ ಮುಟ್ಟಿದ ಕೂಡಲೇ ಪೊಲೀಸರ ತಲೆಗೆ ಬಂದದ್ದು ಕಳ್ಳಬೇಟೆಗಾರರ ಹೆಸರು. ಇದು ಸುಮ್ನೆ ಹೊಳೆದದ್ದಲ್ಲ.

ಆಗಿನ ಇಂಗ್ಲೆಂಡಿನ ಹಳ್ಳಿಗಳಲ್ಲಿ ಮೊಲ, ಫೆಸೆಂಟ್ ಹಕ್ಕಿ ಹಿಡಿಯುವ ಹಕ್ಕು ಬಡವರಿಗೆ ಇರಲಿಲ್ಲ. ಬೇಟೆಯ ಹಕ್ಕು ಜಮೀನಿನ ಒಡೆಯರದು. ಚಳಿಗಾಲದಲ್ಲಿ ಕೆಲಸವಿಲ್ಲದ ಕೂಲಿಗೆ ನಾಲ್ಕು ಮೊಲ ಸಿಕ್ಕರೆ ಮನೆಯಲ್ಲಿ ಒಲೆ ಉರಿಯುತ್ತಿತ್ತು. 1828ರ ರಾತ್ರಿ ಕಳ್ಳಬೇಟೆ ಕಾಯ್ದೆಯಲ್ಲಿ ಮೊದಲ ಸಲ ಸಿಕ್ಕಿಬಿದ್ದರೆ 3 ತಿಂಗಳವರೆಗೆ ಕಠಿಣ ದುಡಿಮೆಯ ಜೈಲು. ಎರಡನೇ ಸಲಕ್ಕೆ 6 ತಿಂಗಳು. ಮೂರನೇ ಸಲ 7 ವರ್ಷ ಕಡಲಾಚೆಗೆ ಗಡಿಪಾರು. 1862ರಲ್ಲಿ ಇನ್ನೊಂದು ಕಾಯ್ದೆ ಬಂತು. ಕಳ್ಳಬೇಟೆಯಿಂದ ಬರುತ್ತಿದ್ದಾನೆ ಎಂಬ ಅನುಮಾನ ಬಂದರೆ ರಸ್ತೆಯಲ್ಲೇ ನಿಲ್ಲಿಸಿ ಚೀಲ, ಗಾಡಿ ಶೋಧಿಸುವ ಅಧಿಕಾರ ಪೇದೆಗೆ ಸಿಕ್ಕಿತು. ಹೀಗಾಗಿ ಯಾರು ರಾತ್ರಿ ಹೊರಗೆ ತಿರುಗುತ್ತಾರೆ, ಯಾರ ಹತ್ತಿರ ನಾಯಿ ಇದೆ, ಬಲೆ ಇದೆ ಎಂಬುದೆಲ್ಲ ಊರಿನ ಪೊಲೀಸರಿಗೆ ಬಾಯಿಪಾಠ. ಅವರ ಮನಸ್ಸಿನಲ್ಲಿ ಒಂದು ಪಟ್ಟಿ ಮೊದಲೇ ಸಿದ್ಧವಿತ್ತು.

ಆ ರಾತ್ರಿ ಬ್ರಾನಗನ್, ಮರ್ಫಿ ಇಬ್ಬರೂ ಮನೆಯಲ್ಲಿರಲಿಲ್ಲ. ಕಳ್ಳಬೇಟೆಗೆ ಹೋಗಿದ್ದರು. ಬೆಳಗ್ಗೆ ಆನಿಕ್‌ಗೆ ವಾಪಸು ಬಂದಾಗ ಪೊಲೀಸರು ಕಾಯುತ್ತಿದ್ದರು. ಬಟ್ಟೆ ಒದ್ದೆ. ರಾತ್ರಿಯೆಲ್ಲ ಹೊರಗಿದ್ದದ್ದು ನೋಡಿದರೇ ಗೊತ್ತಾಗುತ್ತಿತ್ತು. ಎಲ್ಲಿದ್ದಿರಿ ಅಂತ ಕೇಳಿದರೆ ನಿಜವಾದ ಉತ್ತರವೇ ಇನ್ನೊಂದು ಅಪರಾಧ! ಒಂದು ಕೇಸಿನಿಂದ ಪಾರಾಗಲು ಇನ್ನೊಂದನ್ನು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡರೂ ನಂಬುವವರು ಯಾರು? ಕತ್ತಲಲ್ಲಿ ಯಾರ ಕಣ್ಣಿಗೂ ಬೀಳದಂತೆ ಇರುವುದೇ ಆ ಕೆಲಸದ ಗುಟ್ಟು. ಸಾಕ್ಷಿ ಎಲ್ಲಿಂದ ತರುವುದು?

ಪೊಲೀಸರ ಅನುಮಾನವೇ ತಪ್ಪು ಅಂತ ನಾನು ಹೇಳುವುದಿಲ್ಲ. ಬಂದೂಕು ಇಟ್ಟುಕೊಂಡು ರಾತ್ರಿ ಓಡಾಡುವವರನ್ನು ಮೊದಲು ವಿಚಾರಿಸುವುದು ಸಹಜ. ತಪ್ಪು ನಡೆದದ್ದು ಅದರ ಮುಂದಿನ ಹೆಜ್ಜೆಯಲ್ಲಿ. ಅನುಮಾನ ಮೊದಲು ಬಂತು, ಸಾಕ್ಷ್ಯ ಆಮೇಲೆ ಬಂತು. ಇಬ್ಬರು ಹಿಡಿಯಲ್ಲಿ ಸಿಕ್ಕ ಮೇಲೆ ಬೇರೆ ದಾರಿಗಳು ತಾವಾಗಿಯೇ ಮುಚ್ಚಿಹೋದವು.

ನಾಲ್ಕು ವಸ್ತುಗಳು

ಒಂದು, ಹೆಜ್ಜೆ ಗುರುತು. ಪಾದ್ರಿ ಮನೆಯ ತೋಟದಲ್ಲಿ ಸಿಕ್ಕ ಗುರುತುಗಳನ್ನು ಆರೋಪಿಗಳ ಪಾದರಕ್ಷೆಗೆ ಹೋಲಿಸಿದರು. ಇದು ಆಗಿನ ಹಳ್ಳಿ ಪೊಲೀಸರ ಮೆಚ್ಚಿನ ಸಾಕ್ಷ್ಯ. ಕೂಲಿಗಳ ಬೂಟಿನ ಅಟ್ಟೆಗೆ ದಪ್ಪ ಮೊಳೆ ಹೊಡೆದಿರುತ್ತಿತ್ತು. ಊರಿನ ಚಮ್ಮಾರ ಕೈಯಲ್ಲೇ ಹೊಡೆಯುವುದರಿಂದ ಸಾಲುಗಳು ಒಂದೊಂದು ಬೂಟಿಗೆ ಸ್ವಲ್ಪ ಬೇರೆ. ಒಂದೆರಡು ಮೊಳೆ ಉದುರಿದ್ದರೆ ಗುರುತು ಇನ್ನೂ ಸ್ಪಷ್ಟ. ಹೀಗೆ ನೋಡಿದರೆ ಇದು ಒಳ್ಳೆಯ ಸಾಕ್ಷ್ಯವೇ. ಆದರೆ ಹೋಲಿಸುವವನು ಹೇಗೆ ಹೋಲಿಸಿದ ಎಂಬುದು ಮುಖ್ಯ. ಮಣ್ಣಿನ ಮೇಲಿನ ಗುರುತಿನ ಪಕ್ಕದಲ್ಲಿ ಬೂಟು ಒತ್ತಿ ನೋಡಬಹುದು. ಗುರುತಿನ ಒಳಗೇ ಬೂಟು ಇಟ್ಟು ನೋಡಿದರೆ ಹಳೆಯ ಗುರುತು ಹೋಗಿ ಹೊಸದು ಮೂಡುತ್ತದೆ. ಆಮೇಲೆ ಯಾರು ನೋಡಿದರೂ ಹೊಂದಿಕೆಯಾಗಲೇಬೇಕು, ಅಲ್ವಾ? ಪ್ಲಾಸ್ಟರ್ ಅಚ್ಚು ತೆಗೆದರೂ ತೆಗೆಯುವ ಮೊದಲು ಆ ಜಾಗ ಯಾರೆಲ್ಲ ತುಳಿದರು ಎಂಬ ಪ್ರಶ್ನೆ ಉಳಿಯುತ್ತದೆ.

ಎರಡು, ಉಳಿ. ಮರಗೆಲಸದ ಈ ಉಪಕರಣ ಕಿಟಕಿ ಮೀಟಲು ಬಹಳ ಅನುಕೂಲ. ಅದನ್ನು ಆರೋಪಿಗಳ ಕಡೆಯದು ಎಂದು ಗುರುತಿಸಲಾಯಿತು. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಉಳಿ ಎಂಬುದು ಆ ಕಾಲದಲ್ಲಿ ಮನೆಮನೆಯಲ್ಲೂ ಸಿಗುವ ವಸ್ತು.

ಮೂರು, ಪತ್ರಿಕೆಯ ಚೂರು. ಇಲ್ಲಿ ನಿಲ್ಲಬೇಕು. ಪಾದ್ರಿ ಮನೆಯಲ್ಲಿ ವೃತ್ತಪತ್ರಿಕೆಯ ಒಂದು ಹರಿದ ಚೂರು ಸಿಕ್ಕಿತು. ಆಮೇಲೆ ಮರ್ಫಿಯದೆಂದು ವಶಪಡಿಸಿಕೊಂಡ ಕೋಟಿನ ಒಳಪದರದಲ್ಲಿ ಇನ್ನೊಂದು ಚೂರು ಸಿಕ್ಕಿತು. ಎರಡೂ ಒಂದೇ ಹಾಳೆಯವು ಎಂಬುದು ವಾದ. ಜ್ಯೂರಿಯಲ್ಲಿ ಕೂತ ಸಾಮಾನ್ಯ ಮನುಷ್ಯನಿಗೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕೇ? ಹೆಜ್ಜೆ ಗುರುತಿನ ಬಗ್ಗೆ ಅನುಮಾನ ಪಡಬಹುದು. ಹರಿದ ಕಾಗದ ಕೂಡಿಕೊಂಡರೆ ಕಣ್ಣೇ ನಂಬುತ್ತದೆ.

ಆದರೆ ಈಗ ನಮಗೆ ಸತ್ಯ ಗೊತ್ತಿದೆ. ಮರ್ಫಿ ಆ ಮನೆಗೆ ಹೋಗಿರಲೇ ಇಲ್ಲ. ಹಾಗಾದರೆ ಆ ಚೂರು ಕೋಟಿಗೆ ಬಂದದ್ದು ಹೇಗೆ? ಎರಡೇ ದಾರಿ. ಒಂದೋ ಎರಡು ಚೂರುಗಳು ನಿಜವಾಗಿ ಹೊಂದುತ್ತಿರಲಿಲ್ಲ, ಹೊಂದುತ್ತವೆ ಎಂದು ನಂಬಿದವರ ಕಣ್ಣಿಗೆ ಹಾಗೆ ಕಂಡಿತು. ಇಲ್ಲವೇ ಯಾರೋ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿದರು. ಮೂರನೇ ದಾರಿ ನನಗಂತೂ ಕಾಣುವುದಿಲ್ಲ.

ನಾಲ್ಕು, ಬಟನ್ ಮತ್ತು ಬಟ್ಟೆಯ ಚೂರು. ಕಿಟಕಿಯ ಕೆಳಗೆ ಸಿಕ್ಕ ಈ ಚೂರು ಬ್ರಾನಗನ್‌ನ ಪ್ಯಾಂಟಿನ ಹರಿದ ಜಾಗಕ್ಕೆ ಹೊಂದುತ್ತದೆ ಎಂದರು. ಇಲ್ಲೂ ಅದೇ ತರ್ಕ, ಅದೇ ಎರಡು ದಾರಿ.

ಗಮನಿಸಬೇಕಾದ್ದು ಏನೆಂದರೆ, ಇವೆಲ್ಲ ಮೊದಲ ಬೆಳಗ್ಗೆಯೇ ಸಿಕ್ಕವಲ್ಲ. ಕೆಲವು ಕಂಡದ್ದು ದಿನಗಳು ಕಳೆದ ಮೇಲೆ. ಆ ಹೊತ್ತಿಗೆ ಆರೋಪಿಗಳು ಕಂಬಿಯ ಹಿಂದೆ, ಅವರ ಬಟ್ಟೆ ಪೊಲೀಸರ ವಶದಲ್ಲಿ. ವಸ್ತು ಸಿಕ್ಕ ಜಾಗ ಮತ್ತು ಹೋಲಿಕೆಗೆ ಬೇಕಾದ ಬಟ್ಟೆ, ಎರಡೂ ಕಡೆ ಓಡಾಡುವ ಅವಕಾಶ ಇದ್ದದ್ದು ಒಂದೇ ಗುಂಪಿಗೆ. ಇವತ್ತು ಯಾವುದೇ ಕೋರ್ಟಿನಲ್ಲಿ ಡಿಫೆನ್ಸ್ ವಕೀಲರು ಮೊದಲು ಹಿಡಿಯುವುದೇ ಇದನ್ನು.

ಕೋರ್ಟಿನಲ್ಲಿ ಬಾಯಿ ಇಲ್ಲದವರು

ಏಪ್ರಿಲ್ 1879ರಲ್ಲಿ ನ್ಯೂಕಾಸಲ್‌ನ ಅಸೈಜ್ ಕೋರ್ಟಿನಲ್ಲಿ ವಿಚಾರಣೆ ನಡೆಯಿತು. ಅಸೈಜ್ ಎಂದರೆ ಲಂಡನ್ನಿನ ದೊಡ್ಡ ನ್ಯಾಯಾಧೀಶರು ಊರಿಂದೂರಿಗೆ ಬಂದು ನಡೆಸುವ ಕಲಾಪ. ಬಂದವರು ನ್ಯಾಯಮೂರ್ತಿ ಹೆನ್ರಿ ಮ್ಯಾನಿಸ್ಟಿ. ಇವರ ತಂದೆ ಜೇಮ್ಸ್ ಮ್ಯಾನಿಸ್ಟಿ ಹಿಂದೆ ಎಡ್ಲಿಂಜಮ್‌ನಲ್ಲೇ ಪಾದ್ರಿಯಾಗಿದ್ದವರು! ನ್ಯಾಯಮೂರ್ತಿಗಳು ಕಾನೂನಿನ ಮೊದಲ ಪಾಠ ಕಲಿತದ್ದು ಆನಿಕ್‌ನ ವಕೀಲರ ಕಚೇರಿಯಲ್ಲಿ. ಅವರು ಪಕ್ಷಪಾತ ಮಾಡಿದರು ಅಂತ ಹೇಳಲು ನನ್ನ ಬಳಿ ಆಧಾರವಿಲ್ಲ, ಹೇಳುವುದೂ ಇಲ್ಲ. ಆದರೆ ತನ್ನ ತಂದೆ ಇದ್ದ ಹುದ್ದೆಯಲ್ಲಿರುವ ಮುದುಕರೊಬ್ಬರಿಗೆ ಗುಂಡು ತಾಗಿದ ಕೇಸನ್ನು ಅವರು ಆಲಿಸುತ್ತಿದ್ದರು ಎಂಬುದನ್ನು ಓದುವವರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಆಗಿನ ನಿಯಮ ಇವತ್ತು ಕೇಳಿದರೆ ವಿಚಿತ್ರ ಅನಿಸುತ್ತದೆ. ಇಂಥ ಕೇಸುಗಳಲ್ಲಿ ಆರೋಪಿ ತನ್ನ ಪರವಾಗಿ ಪ್ರಮಾಣ ಮಾಡಿ ಸಾಕ್ಷಿ ಹೇಳುವಂತಿರಲಿಲ್ಲ. ತನ್ನ ಜೀವಕ್ಕಾಗಿ ಸುಳ್ಳು ಹೇಳಿಯೇ ಹೇಳುತ್ತಾನೆ ಎಂಬುದು ಹಳೆಯ ನಂಬಿಕೆ. ಅವನ ಹೆಂಡತಿಯೂ ಅವನ ಪರ ಸಾಕ್ಷಿ ಹೇಳುವಂತಿರಲಿಲ್ಲ. ಈ ಬಾಗಿಲು ತೆರೆದದ್ದು 1898ರ ಕಾಯ್ದೆ. ಅಂದರೆ ಬ್ರಾನಗನ್, ಮರ್ಫಿ ಆ ರಾತ್ರಿ ಎಲ್ಲಿ ಬಲೆ ಹಾಕಿದ್ದರು, ಯಾವ ದಾರಿಯಲ್ಲಿ ವಾಪಸು ಬಂದರು ಎಂಬುದನ್ನು ಪ್ರಮಾಣದ ಮೇಲೆ ಹೇಳಿ, ಅಡ್ಡಸವಾಲಿಗೆ ನಿಲ್ಲುವ ಅವಕಾಶವೇ ಇರಲಿಲ್ಲ. ಬಡ ಆರೋಪಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡುವ ಕಾಯ್ದೆ ಬಂದದ್ದು 1903ರಲ್ಲಿ. ಜ್ಯೂರಿ ಅಪರಾಧಿ ಅಂದ ಮೇಲೆ ಮೇಲ್ಮನವಿ ಹಾಕಲು ಕೋರ್ಟು ಬಂದದ್ದು 1907ರ ಕಾಯ್ದೆಯಿಂದ.

ಇಬ್ಬರಿಗೂ ಜೀವಾವಧಿ ಕಠಿಣ ಸೆರೆವಾಸ ವಿಧಿಸಲಾಯಿತು. ಆಗಿನ ಪದ್ಧತಿಯಲ್ಲಿ ಮೊದಲ ಒಂಬತ್ತು ತಿಂಗಳು ಒಂಟಿ ಕೋಣೆ. ಆಮೇಲೆ ಕಲ್ಲು ಒಡೆಯುವಂಥ ದುಡಿಮೆ.

ಅದೇ ತಿಂಗಳುಗಳಲ್ಲಿ ದೇಶವೆಲ್ಲ ಮಾತಾಡುತ್ತಿದ್ದ ಇನ್ನೊಂದು ಸುದ್ದಿ ಇದರ ಪಕ್ಕದಲ್ಲೇ ಇಟ್ಟು ಓದಬೇಕು. ಚಾರ್ಲ್ಸ್ ಪೀಸ್ ಎಂಬ ಕುಖ್ಯಾತ ಕನ್ನಗಳ್ಳನನ್ನು 1879ರ ಫೆಬ್ರವರಿ 25ರಂದು ಲೀಡ್ಸ್‌ನ ಆರ್ಮ್ಲಿ ಜೈಲಿನಲ್ಲಿ ನೇಣಿಗೆ ಹಾಕಿದರು. ಸಾಯುವ ಮೊದಲು ಅವನು ಒಂದು ವಿಷಯ ಒಪ್ಪಿಕೊಂಡ. 1876ರಲ್ಲಿ ಮ್ಯಾಂಚೆಸ್ಟರ್ ಬಳಿಯ ವೇಲಿ ರೇಂಜ್‌ನಲ್ಲಿ ನಿಕೋಲಸ್ ಕಾಕ್ ಎಂಬ ಪೇದೆಯನ್ನು ಕೊಂದವನು ತಾನೇ ಎಂದ. ಆ ಕೊಲೆಗೆ ವಿಲಿಯಂ ಹೇಬ್ರನ್ ಎಂಬ ಐರಿಷ್ ಯುವಕನಿಗೆ ಮರಣದಂಡನೆ ಆಗಿತ್ತು. ಅದು ಜೀವಾವಧಿಗೆ ಇಳಿದಿದ್ದರಿಂದ ಮಾತ್ರ ಅವನು ಬದುಕಿದ್ದ. ಹೇಬ್ರನ್ ವಿರುದ್ಧದ ಮುಖ್ಯ ಸಾಕ್ಷ್ಯಗಳಲ್ಲಿ ಒಂದು ಬೂಟಿನ ಗುರುತು. ಪೀಸ್ ಆ ವಿಚಾರಣೆಗೆ ಹೋಗಿ, ತನ್ನ ಕೊಲೆಗೆ ಇನ್ನೊಬ್ಬನಿಗೆ ಶಿಕ್ಷೆಯಾಗುವುದನ್ನು ಕೂತು ನೋಡಿದ್ದ. ಹೇಬ್ರನ್ ಬಿಡುಗಡೆಯಾದದ್ದು 1879ರಲ್ಲೇ. ಇಷ್ಟು ಹಸಿ ಉದಾಹರಣೆ ಕಣ್ಣೆದುರು ಇದ್ದರೂ ನ್ಯೂಕಾಸಲ್‌ನ ಕೋರ್ಟಿನಲ್ಲಿ ಬೂಟಿನ ಗುರುತು ಮತ್ತೆ ಕೆಲಸ ಮಾಡಿತು. ಇದು ನನಗೆ ಬಹಳ ನೋವು ಕೊಡುವ ಭಾಗ.

ಸತ್ಯ ಹೊರಬಂದ ದಾರಿ

ಎಲ್ಲರೂ ಸುಮ್ಮನಿರಲಿಲ್ಲ. ಆನಿಕ್‌ನ ವಕೀಲ ಚಾರ್ಲ್ಸ್ ಪರ್ಸಿ, ಅಲ್ಲಿನ ಸೇಂಟ್ ಪಾಲ್ಸ್ ಚರ್ಚಿನ ಪಾದ್ರಿ ಜೆವನ್ ಪೆರಿ ಈ ಕೇಸಿನ ಬೆನ್ನು ಹತ್ತಿದರು. ಬಕಲ್ ಅವರೂ ಪಾದ್ರಿ, ಪೆರಿಯವರೂ ಪಾದ್ರಿ. ತಮ್ಮದೇ ವೃತ್ತಿಯ ಹಿರಿಯರ ಮನೆಗೆ ನುಗ್ಗಿದರು ಎಂಬ ಆರೋಪ ಹೊತ್ತ ಕೂಲಿಗಳ ಪರ ನಿಲ್ಲಲು ದೊಡ್ಡ ಧೈರ್ಯ ಬೇಕು. ಪೆರಿಯವರ ಬಗ್ಗೆ ನನಗೆ ಅಪಾರ ಗೌರವ.

1888ರಲ್ಲಿ ಗಂಟು ಬಿಚ್ಚಿತು. ಜಾರ್ಜ್ ಎಡ್ಜೆಲ್, ಚಾರ್ಲ್ಸ್ ರಿಚರ್ಡ್ಸನ್ ಎಂಬ ಇಬ್ಬರು ಕನ್ನ ಹಾಕಿದ್ದು ತಾವೇ ಎಂದು ಒಪ್ಪಿಕೊಂಡರು. ಗೃಹ ಇಲಾಖೆಗೆ ವಿಷಯ ಮುಟ್ಟಿತು. ಆಗಿನ ಗೃಹ ಕಾರ್ಯದರ್ಶಿ ಹೆನ್ರಿ ಮ್ಯಾಥ್ಯೂಸ್. ನವೆಂಬರಿನಲ್ಲಿ ಬ್ರಾನಗನ್, ಮರ್ಫಿ ಹೊರಬಂದರು. ಮೇಲ್ಮನವಿಯ ಕೋರ್ಟು ಇಲ್ಲದ್ದರಿಂದ ಇದ್ದದ್ದು ಒಂದೇ ದಾರಿ, ರಾಣಿಯ ಕ್ಷಮೆ. ಮಾಡದ ತಪ್ಪಿಗೆ ಕ್ಷಮೆ! ಕಾಗದದಲ್ಲಿ ಹಾಗೇ ಬರೆಯಬೇಕಾಯಿತು. ಪರಿಹಾರ ತಲಾ 800 ಪೌಂಡ್. ಆಗಿನ ಕೂಲಿಗೆ ಅದು ದೊಡ್ಡ ಮೊತ್ತವೇ ನಿಜ. ಆದರೆ ಹೋದ ವರ್ಷಗಳು ಹೋದವು.

ನಿಜವಾದ ಕಳ್ಳರಿಗೆ ಎಷ್ಟು ಶಿಕ್ಷೆ ಗೊತ್ತಾ? ತಪ್ಪೊಪ್ಪಿಕೊಂಡರು ಅಂತ ತಲಾ 5 ವರ್ಷ. ಅದೇ ಅಪರಾಧ, ಅದೇ ರಾತ್ರಿ, ಅದೇ ಬಂದೂಕು. ಮಾಡದವರಿಗೆ ಜೀವಾವಧಿ, ಮಾಡಿದವರಿಗೆ ಐದು ವರ್ಷ.

ಪೊಲೀಸರ ಕಥೆ ಏನಾಯಿತು? ಸೂಪರಿಂಟೆಂಡೆಂಟ್ ಹಾರ್ಕ್ಸ್ ಅಷ್ಟರಲ್ಲಿ ತೀರಿಕೊಂಡಿದ್ದರು. ತನಿಖೆಯಲ್ಲಿದ್ದ ಕೆಲವು ಪೊಲೀಸರ ಮೇಲೆ 1889ರಲ್ಲಿ ಮೊಕದ್ದಮೆ ನಡೆಯಿತು. ಅವರು ಖುಲಾಸೆಯಾದರು. ಹಾಗಾಗಿ ಕಾಗದದ ಚೂರು, ಬಟನ್ ಅಲ್ಲಿಗೆ ಹೇಗೆ ಬಂದವು ಎಂಬ ಪ್ರಶ್ನೆಗೆ ಯಾವ ಕೋರ್ಟೂ ಒಬ್ಬರ ಹೆಸರು ಹೇಳಿಲ್ಲ. ನಾವೂ ಹೇಳುವ ಹಾಗಿಲ್ಲ. ಖುಲಾಸೆ ಎಂದರೆ ಖುಲಾಸೆ. ಆ ಗೌರವ ಬ್ರಾನಗನ್, ಮರ್ಫಿಗೆ ಸಿಗಲಿಲ್ಲ ಅಂತ ಇನ್ನೊಬ್ಬರಿಗೆ ತಪ್ಪಿಸುವುದು ಸರಿಯಲ್ಲ.

ನಮ್ಮ ಮಹಜರಿನ ಜೊತೆ ಇಟ್ಟು ನೋಡಿ

ಕರ್ನಾಟಕದಲ್ಲಿ ಕಾನೂನು ಓದುವವರಿಗೆ, ಪಿಎಸ್‌ಐ ಪರೀಕ್ಷೆಗೆ ತಯಾರಾಗುವವರಿಗೆ ಈ ಕೇಸು ಎಲ್ಲಿ ಉಪಯೋಗ? ಮಹಜರು ಯಾಕೆ ಬೇಕು ಅಂತ ಅರ್ಥವಾಗಲು. ಬಹಳ ಜನ ಮಹಜರನ್ನು ಬರೀ ಫಾರಂ ತುಂಬುವ ಕೆಲಸ ಅಂದುಕೊಳ್ಳುತ್ತಾರೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 100ನೇ ಕಲಂ, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 103ನೇ ಕಲಂ ಏನು ಹೇಳುತ್ತವೆ? ಶೋಧ ನಡೆಸುವ ಮೊದಲು ಆ ಪ್ರದೇಶದ ಇಬ್ಬರಾದರೂ ಸ್ವತಂತ್ರ, ಮರ್ಯಾದಸ್ಥ ಜನರನ್ನು ಕರೆಯಬೇಕು. ಅವರ ಎದುರೇ ಶೋಧ ನಡೆಯಬೇಕು. ಸಿಕ್ಕ ವಸ್ತುಗಳ ಪಟ್ಟಿ, ಸಿಕ್ಕ ಜಾಗ ಬರೆದು ಅವರ ಸಹಿ ಹಾಕಿಸಬೇಕು. ಈಗ 105ನೇ ಕಲಂ ಪ್ರಕಾರ ಇಡೀ ಶೋಧದ ಆಡಿಯೊ, ವಿಡಿಯೊ ಕೂಡ ಆಗಬೇಕು.

ಈ ಒಂದೊಂದು ಷರತ್ತನ್ನೂ ಮರ್ಫಿಯ ಕೋಟಿನ ಮೇಲೆ ಇಟ್ಟು ನೋಡಿ. ಕೋಟು ವಶಕ್ಕೆ ತೆಗೆದುಕೊಂಡ ಕ್ಷಣವೇ ಹೊರಗಿನ ಇಬ್ಬರ ಎದುರು ಒಳಪದರ ತಡಕಿ, ಸಿಕ್ಕಿದ್ದನ್ನು ಬರೆದು, ಕೋಟನ್ನು ಸೀಲ್ ಮಾಡಿದ್ದರೆ? ಕಾಗದದ ಚೂರು ಆಗಲೇ ಇದ್ದರೆ ಕಾಣುತ್ತಿತ್ತು. ಇಲ್ಲದಿದ್ದರೆ ಮುಂದೆ ಬರಲು ಜಾಗವೇ ಇರುತ್ತಿರಲಿಲ್ಲ. ಪಂಚರ ಎರಡು ಸಹಿ ಆ ದಿನ ಆನಿಕ್‌ನಲ್ಲಿ ಇದ್ದಿದ್ದರೆ ಅದು ಆರೋಪಿಗಳನ್ನೂ ಕಾಯುತ್ತಿತ್ತು, ಪೊಲೀಸರನ್ನೂ ಕಾಯುತ್ತಿತ್ತು. ಹತ್ತು ವರ್ಷದ ಮೇಲೆ ಅವರು ಕಟಕಟೆಯಲ್ಲಿ ನಿಲ್ಲುವ ಸ್ಥಿತಿ ಬರುತ್ತಿರಲಿಲ್ಲ.

ಅಭ್ಯಾಸಕ್ಕೆ ಒಂದು ಕೆಲಸ. ನೀವು ಏಪ್ರಿಲ್ 1879ರಲ್ಲಿ ನ್ಯೂಕಾಸಲ್‌ನಲ್ಲಿ ಬ್ರಾನಗನ್ ಪರ ವಕೀಲರು ಅಂದುಕೊಳ್ಳಿ. ನಿಮ್ಮ ಕಕ್ಷಿದಾರ ಬಾಯಿ ಬಿಡುವಂತಿಲ್ಲ. ನಿಮ್ಮ ಮುಂದೆ ಬಟನ್ ಬಗ್ಗೆ ಸಾಕ್ಷಿ ಹೇಳಿದ ಪೇದೆ ನಿಂತಿದ್ದಾನೆ. ಅಡ್ಡಸವಾಲಿಗೆ ಹತ್ತು ಪ್ರಶ್ನೆ ಬರೆಯಿರಿ. ಬಟನ್ ಹೊಂದುತ್ತದೋ ಇಲ್ಲವೋ ಎಂಬುದರಿಂದ ಶುರು ಮಾಡಬೇಡಿ, ಅಲ್ಲಿ ಜ್ಯೂರಿ ಈಗಾಗಲೇ ಅವನ ಕಡೆ ಇದೆ. ಕನ್ನ ಬಿದ್ದ ಮೊದಲ ಬೆಳಗ್ಗೆ ಆ ಕಿಟಕಿಯ ಕೆಳಗೆ ಯಾರೆಲ್ಲ ಹುಡುಕಿದರು, ಆಗ ಅವರಿಗೆ ಏನು ಸಿಕ್ಕಿತು ಎಂಬುದರಿಂದ ಶುರು ಮಾಡಿ. ನಂತರ ಪ್ಯಾಂಟಿನ ಕಡೆ ತಿರುಗಿ: ಅದನ್ನು ಯಾವ ಹೊತ್ತಿಗೆ ಬಿಚ್ಚಿಸಿದಿರಿ, ಯಾವ ಕೋಣೆಯಲ್ಲಿ ಇಟ್ಟಿರಿ, ಆ ಕೋಣೆಯ ಬೀಗದ ಕೈ ಯಾರ ಹತ್ತಿರ ಇತ್ತು?